ಅಳುವ ಸರದಿ

ಕಟಿಂಗ್ ಅಂಗಡಿಯವನ ಕುರ್ಚಿಯಲ್ಲಿ ಕೂತವರಿಗೆ ಅವನ ಕಥೆ ಕೇಳದೆ ವಿಧಿಯಿರಲಿಲ್ಲ. ಕುತ್ತಿಗೆಯ ಮೇಲೆ ಕತ್ತಿ ಇರುವಾಗ ಎದ್ದುಹೋಗುವ ಧೈರ್ಯ ಯಾರಿಗಿದ್ದೀತು? ಹಾಸಿಗೆ ಹಿಡಿದ ತಾಯಿಗೆ ಒಬ್ಬನೇ ಉಣಿಸಿದ್ದು, ಮೈ ಒರೆಸಿದ್ದು, ಒಡಹುಟ್ಟಿದ ತಂಗಿ ಮಣ್ಣಿಗಷ್ಟೇ ಬಂದು ಹೋದದ್ದು, ಆಮೇಲೆ ಇತ್ತ ತಲೆ ಹಾಕಿಯೂ ಮಲಗದಿರುವುದು. ಗಿರಾಕಿಗಳು ಹೂಂಗುಟ್ಟುತ್ತಿದ್ದರು. ಬೀದಿಗಿಳಿದ ಮೇಲೆ ಅಳುಮುಂಜಿ ಎನ್ನುತ್ತಿದ್ದರು. ಅದು ಅವನ ಕಿವಿಗೂ ಬಿತ್ತು, ಕಥೆಗೂ ಸೇರಿಕೊಂಡಿತು.

ಭಾನುವಾರ ಪ್ರಾರ್ಥನಾಲಯದಲ್ಲಿ ಹಿಂದಿನ ಬೆಂಚು ಅವನದು. ಕರ್ತನ ಭೋಜನದ ದ್ರಾಕ್ಷಾರಸದ ಬಟ್ಟಲು ಅಲ್ಲಿ ಕೈಯಿಂದ ಕೈಗೆ ಬರುತ್ತದೆ. ಯಾರೊಂದಿಗಾದರೂ ಮನಸ್ತಾಪ ಇದ್ದವರು ಕುಡಿಯದೆ ಮುಂದಕ್ಕೆ ಕೊಡುವುದು ಆ ಸಭೆಯ ರೂಢಿ. ಮೊದಲು ಸರಿಮಾಡಿಕೊಂಡು ಬರಲಿ ಎಂದು. ತಾಯಿ ತೀರಿಕೊಂಡಾಗಿನಿಂದ ಅವನು ಬಟ್ಟಲನ್ನು ತುಟಿಗೆ ತಾಗಿಸದೆ, ನಾಲ್ಕು ಜನಕ್ಕೆ ಕೇಳುವಂತೆ ನಿಟ್ಟುಸಿರಿಟ್ಟು, ಪಕ್ಕದವರಿಗೆ ದಾಟಿಸುತ್ತಿದ್ದ. ಯಾಕಪ್ಪ ಎಂದು ಯಾರಾದರೂ ಕೇಳಲಿ ಎಂಬ ಆಸೆ. ಯಾರೂ ಕೇಳಲಿಲ್ಲ. ಮನೆಗೆ ಬಂದು, ತಾಯಿಯ ಖಾಲಿ ಮಂಚದ ಎದುರು ಒಬ್ಬನೇ ಕೂತು ಉಣ್ಣುತ್ತಿದ್ದ. ಆ ಒಂಟಿತನ ಸುಳ್ಳಲ್ಲ, ಪಾಪ. ಅದರ ಬೇರು ಎಲ್ಲಿದೆ ಎನ್ನುವುದನ್ನು ಮಾತ್ರ ಅವನು ಯಾರಿಗೂ ಹೇಳುತ್ತಿರಲಿಲ್ಲ.

ಒಂದು ಮಧ್ಯಾಹ್ನ ಹೊಸ ಗಿರಾಕಿ ಬಂದ. ಬಸ್ಸಿನ ಡ್ರೈವರು, ಮಾತು ಕಡಿಮೆ. ಕೆನ್ನೆಗೆ ನೊರೆ ಹಚ್ಚಿಸಿಕೊಂಡು ಕಥೆಯನ್ನೆಲ್ಲ ಕೇಳಿ, ಕೊನೆಗೆ ಒಂದೇ ಮಾತು ಕೇಳಿದ.

"ಅಮ್ಮನಿಗೆ ಅಷ್ಟು ಸೀರಿಯಸ್ ಆಗಿದೆ ಅಂತ ತಂಗಿಗೆ ಯಾರು ಹೇಳಿದ್ರು?"

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತು ಇವನಿಗೆ. ನಾನೇ ಹೇಳಿದೆ ಎನ್ನಲು ಬಾಯಿ ತೆರೆದ. ಕೈ ಜಾರಿ ಡ್ರೈವರನ ಗಲ್ಲದಲ್ಲಿ ಒಂದು ಹನಿ ರಕ್ತ ಮೂಡಿತು. ಹತ್ತಿ ಒತ್ತುತ್ತ, ತಪ್ಪಾಯಿತು ಎಂದ. ಅಷ್ಟು ಸಣ್ಣ ಗಾಯಕ್ಕೆ ಆ ಮಾತು ಎಷ್ಟು ಸುಲಭವಾಗಿ ಬಂತು!

ಗಿರಾಕಿ ಹೋದಮೇಲೆ ಅಂಗಡಿಯ ಬಾಗಿಲು ಅರ್ಧ ಎಳೆದು ಕುರ್ಚಿಯಲ್ಲಿ ತಾನೇ ಕೂತ. ತಂಗಿ ಫೋನು ಮಾಡಿದಾಗಲೆಲ್ಲ, ಏನಿಲ್ಲ, ಬರುವುದೇನೂ ಬೇಡ ಎಂದವನು ಅವನೇ. ಅವಳು ಬಂದರೆ ತಾಯಿಯ ಕಣ್ಣೆಲ್ಲ ಅವಳ ಮೇಲೆ. ಸೇವೆ ಮಾಡಿದ ಮಗ ಎಂಬ ಹೆಸರಿಗೆ ಅವನಿಗೆ ಪಾಲುದಾರರು ಬೇಡವಾಗಿತ್ತು. ಮಣ್ಣಿನ ದಿನ ಎಲ್ಲರೆದುರು, ಈಗ ಬಂದೆಯಾ ಎಂದು ಹಂಗಿಸಿದವನೂ ಅವನೇ. ಅವಳು ತಲೆ ತಗ್ಗಿಸಿ ಒಂದು ಹಿಡಿ ಮಣ್ಣು ಹಾಕಿ ಹೋಗಿದ್ದಳು.

ಕರ್ತನೇ, ನನಗೆ ಯಾರಿದ್ದಾರೆ ಎಂದು ಶುರುವಾಗುವುದು ಅವನ ದಿನನಿತ್ಯದ ಪ್ರಾರ್ಥನೆ. ಆವತ್ತೂ ಬಾಯಿಗೆ ಅದೇ ಬಂತು, ತಡೆದ. "ಕರ್ತನೇ, ತಪ್ಪು ನನ್ನದು" ಎಂದ. ಹಿಂದೆಯೇ 'ಆದರೆ' ಎನ್ನುವುದೊಂದು ನಾಲಿಗೆಯ ತುದಿಗೆ ಬಂದು ನಿಂತಿತ್ತು. ಅದನ್ನು ನುಂಗಿಕೊಂಡ.

ಭಾನುವಾರ ಬಟ್ಟಲು ಬಂದಾಗ ನಿಟ್ಟುಸಿರಿಡಲಿಲ್ಲ. ಸದ್ದಿಲ್ಲದೆ ದಾಟಿಸಿ, ಕೊನೆಯ ಹಾಡಿಗೂ ಕಾಯದೆ ಎದ್ದು ಬಸ್ಸು ಹತ್ತಿದ.

ತಂಗಿ ಬಾಗಿಲು ತೆರೆದಳು. ಸೊರಗಿಹೋಗಿದ್ದಳು. ನಾನೆಷ್ಟು ಒಂಟಿಯಾಗಿದ್ದೇನೆ ಗೊತ್ತಾ ಎನ್ನಬೇಕೆನಿಸಿತು ಅವನಿಗೆ, ಅಭ್ಯಾಸಬಲ.

"ಪುಟ್ಟಿ, ಬರ್ಲಾ ಅಂತ ನೀನು ಕೇಳ್ದಾಗೆಲ್ಲ ಬೇಡ ಅಂದಿದ್ದು ನಾನು. ಅಮ್ಮ ಉಳಿಯಲ್ಲ ಅಂತ ಡಾಕ್ಟ್ರು ಹೇಳಿದ್ಮೇಲೂ ಬೇಡ ಅಂದೆ. ಬೇಕಂತ್ಲೇ."

ಅವಳು ಬಾಗಿಲನ್ನು ಹಿಡಿದುಕೊಂಡಳು. ಅಣ್ಣ ಬೇಡವೆಂದರೂ ಹೊರಟು ಬರಬೇಕಿತ್ತು, ತಪ್ಪು ತನ್ನದೇ ಎಂದು ಇಷ್ಟು ದಿನ ಒಳಗೊಳಗೇ ಕೊರಗುತ್ತಿದ್ದಳಂತೆ. ಆಮೇಲೆ ಕೇಳಿದಳು.

"ಅಮ್ಮ ನನ್ನನ್ನ ಕೇಳಿದ್ಲಾ, ಅಣ್ಣ?"

ಇಲ್ಲ ಎಂದುಬಿಟ್ಟರೆ ಇಬ್ಬರಿಗೂ ಹಗುರ.

"ದಿನಾ ಕೇಳ್ತಿದ್ಲು. ಅವಳಿಗೆ ಪುರುಸೊತ್ತಿಲ್ವಂತೆ ಅಂತ ನಾನು ಹೇಳ್ತಿದ್ದೆ."

ತಂಗಿ ಹೊಸ್ತಿಲ ಮೇಲೇ ಕುಸಿದು ಕೂತು ಅತ್ತಳು. ಅವನ ಕಣ್ಣೂ ತುಂಬಿತು, ಒರೆಸಿಕೊಂಡ. ಅಳುವ ಸರದಿ ಇವತ್ತು ಅವನದಲ್ಲ. ಅವಳು ಒಳಗೆ ಬಾ ಎನ್ನಲಿಲ್ಲ, ಹೋಗು ಎಂದೂ ಅನ್ನಲಿಲ್ಲ. ಅತ್ತು ಮುಗಿದ ಮೇಲೆ ತಾಯಿಯ ಕೊನೆಯ ದಿನಗಳ ಬಗ್ಗೆ ಒಂದೊಂದಾಗಿ ಕೇಳತೊಡಗಿದಳು. ಅವನು ಮೆಟ್ಟಿಲ ಮೇಲೆ ನಿಂತುಕೊಂಡೇ, ಕೇಳಿದ್ದಕ್ಕಷ್ಟೇ ಉತ್ತರ ಕೊಟ್ಟ.