ಎರಡು ಕವಲಿನ ಗಂಡು

ಕಾಡಿನೊಳಗಿನ ನಮ್ಮ ಬೇಟೆಯ ಕ್ಯಾಂಪಿನ ಬಾಗಿಲ ಮೇಲೆ ಒಂದು ಹಲಗೆ ಇದೆ. ಅಪ್ಪ ಕಾಯಿಸಿದ ಸಲಾಕೆಯಲ್ಲಿ ಸುಟ್ಟು ಬರೆದದ್ದು: ‘ಕೊಂಬಿನ ಒಂದೊಂದು ಕಡೆಗೆ ನಾಲ್ಕು ಕವಲಿಲ್ಲದ ಗಂಡು ಜಿಂಕೆಯನ್ನು ಹೊಡೆದವನು ಬರುವ ವರ್ಷ ಮನೆಯಲ್ಲೇ ಇರಲಿ.’ ಅಪ್ಪ ಸತ್ತು ಇಪ್ಪತ್ತಾರು ವರ್ಷವಾಯಿತು. ಅಂದಿನಿಂದ ಆ ಹಲಗೆಯ ಕಾವಲುಗಾರ ನಾನು, ಆರ್ವಿಡ್ ಸಾರೆಲಾ. ಕಾವಲು ಅಂದರೆ ಅಂತಿಂಥ ಕಾವಲಲ್ಲ. ನನ್ನ ಸ್ವಂತ ಅಣ್ಣ ವೈನೊ ಒಂದು ಸಲ ಮಂಜು ಕವಿದ ಬೆಳಗ್ಗೆ ಕವಲು ಎಣಿಸದೆ ಎಳೆ ಗಂಡೊಂದನ್ನು ಉರುಳಿಸಿದ. ಮರುವರ್ಷ ಅವನನ್ನು ಮನೆಯಲ್ಲಿ ಕೂರಿಸಿದ ಮಹಾನುಭಾವ ನಾನೇ. ಅವನು ಒಂದು ಮಾತೂ ಆಡದೆ ಕೂತ. ನಾನು ಕ್ಯಾಂಪಿನಲ್ಲಿ ಒಬ್ಬನೇ ಕೂತು ನ್ಯಾಯ ಗೆದ್ದಿತೆಂದು ಬೀಗಿದೆ.

ಹೋದ ನವೆಂಬರಿನಲ್ಲಿ ಬೇಟೆ ಶುರುವಾಗುವ ಹಿಂದಿನ ದಿನ ಅಣ್ಣನನ್ನು ಕರೆದೊಯ್ಯಲು ಅವನ ಮನೆಗೆ ಹೋದೆ. ಹೊಟ್ಟೆಯ ಕ್ಯಾನ್ಸರ್ ಅವನನ್ನು ತಿಂದು ಮುಗಿಸಿತ್ತು. ಕೋಟಿನೊಳಗೆ ಮನುಷ್ಯ ಇದ್ದಾನೋ ಇಲ್ಲವೋ ಎನ್ನುವ ಹಾಗಿದ್ದ. ಕ್ರಿಸ್‌ಮಸ್ ನೋಡಿದರೆ ಹೆಚ್ಚು ಎಂದು ಡಾಕ್ಟರು ಹೇಳಿಯಾಗಿತ್ತು. ಅತ್ತಿಗೆ ಐಲಿ ಮಾತ್ರೆಯ ಡಬ್ಬಿಯನ್ನು ನನ್ನ ಕೈಗಿಟ್ಟಳು.

“ನೋಡಪ್ಪ ಆರ್ವಿಡ್, ಇವರು ಒಂಬತ್ತು ದಿನದಿಂದ ಒಂದು ತುತ್ತು ನೆಟ್ಟಗೆ ತಿಂದಿಲ್ಲ. ಮೂಗಿನ ಹತ್ರ ತಟ್ಟೆ ತಂದ್ರೆ ಸಾಕು, ಓಕರಿಸ್ತಾರೆ. ನಿಮ್ಮ ಕಾಡಿನ ಹುಚ್ಚಿಗೆ ನಾನು ಅಡ್ಡ ಬರಲ್ಲ. ಆದ್ರೆ ಏನಾದ್ರೂ ತಿನ್ಸು.”

ದಾರಿಯಲ್ಲಿ ಅರ್ಧ ಗಂಟೆ ಕಣ್ಣು ಮುಚ್ಚಿ ಕೂತಿದ್ದ ಅಣ್ಣ ಇದ್ದಕ್ಕಿದ್ದಂತೆ ಬಾಯಿಬಿಟ್ಟ.

“ಒಂದೇ ಒಂದು ತಿನ್ಬೇಕು ಅನ್ಸುತ್ತೆ ಕಣೋ. ಗುಂಡಿಗೆ. ಬೆಣ್ಣೇಲಿ ಹುರಿದು, ಈರುಳ್ಳಿ ಜಾಸ್ತಿ ಹಾಕಿ. ಅದನ್ನ ನೆನೆಸ್ಕೊಂಡ್ರೆ ಮಾತ್ರ ಬಾಯಲ್ಲಿ ನೀರು ಬರುತ್ತೆ. ಮಿಕ್ಕಿದ್ದಕ್ಕೆಲ್ಲ ಬರೋದು ವಾಂತಿ.”

ನಮ್ಮಲ್ಲಿ ವರ್ಷದ ಮೊದಲ ಜಿಂಕೆಯ ಗುಂಡಿಗೆ ಊರಿಗೆ ಹೋಗುವುದಿಲ್ಲ. ಬಿದ್ದ ದಿನವೇ ಕ್ಯಾಂಪಿನ ಕಬ್ಬಿಣದ ಬಾಣಲೆಗೆ ಬೀಳುತ್ತದೆ, ಇದ್ದವರೆಲ್ಲ ಹಂಚಿಕೊಂಡು ತಿನ್ನುತ್ತೇವೆ. ಹುಟ್ಟಿದಾಗಿನಿಂದ ಹಾಗೇ.

“ತರ್ತೀನಿ ಬಿಡಣ್ಣ,” ಅಂದೆ.

“ಹಲಗೆ ಒಪ್ಪೋ ಅಂಥದ್ದನ್ನೇ ತಾರಪ್ಪ. ಆಮೇಲೆ ನಿನ್ನನ್ನ ನೀನೇ ಮನೇಲಿ ಕೂರಿಸ್ಕೊಂಡೀಯ!” ಎಂದು ನಕ್ಕ. ನಕ್ಕಿದ್ದಕ್ಕೆ ಪಕ್ಕೆ ಹಿಡಿದುಕೊಂಡ. ಅದು ತಮಾಷೆ ಎಂದು ಯಾವ ಮೂರ್ಖನಿಗಾದರೂ ತಿಳಿಯಬೇಕಿತ್ತು.

ಮೊದಲ ದಿನ ಬೆಳಗಾಗುವ ಮೊದಲೇ ನಾನು ಜಿಂಕೆಗೆ ಹೊಂಚಿ ಮರಸು ಕೂರುವ ಗೂಡು ಸೇರಿದೆ. ಹಲಗೆ ಹೊಡೆದ ಪುಟ್ಟ ಗೂಡು ಅದು. ಎದುರಿಗೆ ಹಳೆಯ ಸೇಬಿನ ಮರಗಳ ಬಯಲು, ಅದರಾಚೆ ಸೀಡರ್ ಮರಗಳ ಜೌಗು. ಬಯಲಿನ ಇನ್ನೊಂದು ತುದಿಗೆ ನಮ್ಮ ಕ್ಯಾಂಪು. ಅಣ್ಣನಿಗೆ ಕೋವಿಯ ಒದೆತ ತಡೆಯುವ ಶಕ್ತಿ ಇರಲಿಲ್ಲ. ಒಲೆಯ ಪಕ್ಕದ ಕಿಟಕಿಗೆ ಕುರ್ಚಿ ಎಳೆದು, ಕಾಲಿಗೆ ಕಂಬಳಿ ಹೊದಿಸಿ ಬಂದಿದ್ದೆ.

ಎಂಟು ಗಂಟೆ ದಾಟಿತ್ತು. ಸೀಡರ್ ಮರಗಳ ಸಂದಿನಿಂದ ಒಂದು ಗಂಡು ಹೊರಬಂತು. ಎರಡೆರಡು ಕವಲು. ಎಡಗಡೆಯ ತುದಿ ಮುರಿದಿತ್ತು. ಒಂದೂವರೆ ವರ್ಷದ್ದು, ಇನ್ನೂ ಹುಡುಗಾಟಿಕೆ ಬಿಡದ ಪ್ರಾಣಿ. ಉದುರಿದ ಸೇಬನ್ನು ಮೂಗಿನಿಂದ ಹಿಮದಲ್ಲಿ ಉರುಳಿಸುತ್ತಾ ಉರುಳಿಸುತ್ತಾ ನನ್ನಿಂದ ಅರವತ್ತು ಗಜಕ್ಕೆ ಬಂದು ಅಡ್ಡಲಾಗಿ ನಿಂತಿತು. ಕುರುಡ ಕೂಡ ಹೊಡೆಯಬಹುದಿತ್ತು.

ಕೋವಿ ಎತ್ತಿದೆ. ಕೋವಿಯ ಮೇಲಿನ ದುರ್ಬೀನಿನಲ್ಲಿ ಅದರ ಕಣ್ಣಿನ ರೆಪ್ಪೆಯೂ ಕಾಣುತ್ತಿತ್ತು. ಅಣ್ಣನ ನೆನಪಾಗಲಿಲ್ಲವೆಂದು ಸುಳ್ಳು ಹೇಳಲಾರೆ, ಆಯಿತು. ಹಲಗೆಯ ನೆನಪೂ ಆಯಿತು. ಬೆದೆಯ ದಿನಗಳಲ್ಲಿ ಚಿಕ್ಕ ಗಂಡುಗಳು ಮುಂದೆ ಅಡ್ಡಾಡುತ್ತವೆ, ದೊಡ್ಡದು ಹಿಂದೆಯೇ ಇರುತ್ತದೆ, ತಾಳ್ಮೆ ಇರಲಿ ಎಂದು ಅಪ್ಪ ಹೇಳುತ್ತಿದ್ದರು. ಅಕ್ಟೋಬರಿನಲ್ಲಿ ಮರಕ್ಕೆ ಕಟ್ಟಿದ ಕ್ಯಾಮೆರಾದಲ್ಲಿ ಹತ್ತು ಕವಲಿನ ಭಾರೀ ಗಂಡೊಂದು ಸಿಕ್ಕಿತ್ತು. ಅದೇ ಹಿಂದೆ ಬರುತ್ತಿದ್ದರೆ? ಈಗ ಈಡು ಹಾರಿಸಿದರೆ ಅದು ಮೂರು ಮೈಲಿ ಓಡಿಹೋಗುತ್ತದೆ. ಅಣ್ಣನ ಕೊನೆಯ ಊಟಕ್ಕೆ ಮರಿ ಯಾಕೆ, ರಾಜನಂಥದ್ದನ್ನೇ ಕೊಡೋಣ ಅಂದುಕೊಂಡೆ. ಹೀಗೆ ನನಗೆ ನಾನೇ ಬಣ್ಣ ಬಣ್ಣದ ಕಾರಣ ಹೇಳಿಕೊಂಡೆ. ನಿಜ ಹೇಳಬೇಕೆಂದರೆ, ಇಪ್ಪತ್ತಾರು ವರ್ಷ ಬೇರೆಯವರಿಗೆ ಓದಿ ಹೇಳಿದ ಹಲಗೆಯ ಕೆಳಗೆ ಎರಡು ಕವಲಿನ ಮರಿ ಎಳೆದುಕೊಂಡು ಹೋಗಲು ನನಗೆ ನಾಚಿಕೆಯಾಯಿತು.

ಅದು ಐದು ನಿಮಿಷ ನಿಂತಿತ್ತು. ಆಮೇಲೆ ಬಾಲ ಅಲ್ಲಾಡಿಸಿಕೊಂಡು ಬಯಲು ದಾಟಿ ಹೋಯಿತು. ಹಿಂದೆ ಏನೂ ಬರಲಿಲ್ಲ. ಒಂದು ಕಾಗೆ ಕೂಡ ಬರಲಿಲ್ಲ.

ಮಧ್ಯಾಹ್ನ ಕ್ಯಾಂಪಿಗೆ ಬಂದರೆ ಮೇಜಿನ ಮೇಲೆ ಒಂದು ತಟ್ಟೆ ಬೋರಲು ಹಾಕಿತ್ತು. ಎತ್ತಿ ನೋಡಿದೆ. ತೆಳ್ಳಗೆ ಹೆಚ್ಚಿದ ಈರುಳ್ಳಿ, ಮೂರು ಗಡ್ಡೆಯಷ್ಟು. ಒಲೆಯ ಪಕ್ಕ ಬಾಣಲೆ, ಅದರಲ್ಲಿ ಒಂದು ಮುದ್ದೆ ಬೆಣ್ಣೆ.

“ಇದೇನಣ್ಣ?”

“ಸುಮ್ನೆ. ಕೈಗೆ ಕೆಲ್ಸ ಇರ್ಲಿಲ್ಲ.” ಅವನು ನನ್ನ ಮುಖ ನೋಡಿದ. “ಏನಾದ್ರೂ ಕಾಣ್ತಾ?”

“ಏನೂ ಇಲ್ಲ. ಬರೀ ಅಳಿಲು.”

“ಹೂಂ,” ಎಂದು ಅಣ್ಣ ಮತ್ತೆ ಕಿಟಕಿಯ ಕಡೆ ತಿರುಗಿದ.

ಸಂಜೆ ಪಕ್ಕದ ಕ್ಯಾಂಪಿನ ಗಸ್ ಬೋಡ್ರಿ ಬಂದ. ನಲವತ್ತು ವರ್ಷದ ಸ್ನೇಹಿತ, ಬಾಯಿಗೆ ಬೀಗವಿಲ್ಲದ ಆಸಾಮಿ. ಹೆಂಡತಿ ಮಾಡಿಕೊಟ್ಟ ಏಲಕ್ಕಿ ಬ್ರೆಡ್ಡು ತಂದಿದ್ದ.

“ಏನ್ರಪ್ಪ, ಸಾರೆಲಾ ಸಾಮ್ರಾಜ್ಯದಲ್ಲಿ ಒಂದು ಈಡೂ ಕೇಳಿಸ್ಲಿಲ್ಲ? ನಮ್ಮ ಕಡೇನೂ ಅಷ್ಟೆ. ಎರಡು ವರ್ಷದ ಹಿಂದಿನ ಹಿಮ, ಆಮೇಲೆ ತೋಳ, ಎಲ್ಲಾ ಸೇರಿ ಕಾಡು ಗುಡಿಸಿ ಹಾಕಿವೆ. ಬೆಳಗ್ಗಿಂದ ಸಂಜೆವರೆಗೂ ನನ್ನ ಬೂಟನ್ನೇ ನೋಡ್ಕೊಂಡು ಕೂತಿದ್ದೆ. ಅದಕ್ಕೂ ಕವಲಿಲ್ಲ, ಇಲ್ದಿದ್ರೆ ಹೊಡೀತಿದ್ದೆ!”

ಅಣ್ಣ ನಕ್ಕ. ಬ್ರೆಡ್ಡಿನ ಒಂದು ಚೂರು ಮುರಿದು ಬಾಯಿಗಿಟ್ಟು, ತುಂಬಾ ಹೊತ್ತು ಅಗಿದು, ಕರವಸ್ತ್ರಕ್ಕೆ ಉಗಿದ. ಗಸ್ ನೋಡದವನಂತೆ ಒಲೆಗೆ ಸೌದೆ ಹಾಕಿದ.

ಎರಡನೆಯ ದಿನ ಏನೂ ಇಲ್ಲ. ಮೂರನೆಯ ದಿನ ಒಂದು ಹೆಣ್ಣು, ಅದರ ಜೊತೆ ಮರಿ. ಹೆಣ್ಣು ಹೊಡೆಯಲು ನಮ್ಮ ಕಡೆ ಪರವಾನಗಿ ಇಲ್ಲ. ಅಣ್ಣ ಕುರ್ಚಿಯಿಂದ ಮಂಚಕ್ಕೆ ಹೋದ. ನೀರನ್ನೂ ಚಮಚದಲ್ಲಿ ಕುಡಿಸಬೇಕಾಯಿತು. ಐಲಿಗೆ ಫೋನು ಮಾಡಿ ನಾಳೆ ಕರೆತರುತ್ತೇನೆ ಅಂದೆ. ಹಾಗಂದದ್ದನ್ನು ಕೇಳಿಸಿಕೊಂಡು ಅಣ್ಣ ಗೋಡೆಯ ಕಡೆ ಮಗ್ಗುಲಾದ.

ಅವತ್ತು ಸಂಜೆಯೂ ಬಂದ ಗಸ್ ನನ್ನನ್ನು ಸೌದೆ ಕೊಟ್ಟಿಗೆಯ ಹಿಂದಕ್ಕೆ ಕರೆದ. ನಗೆಚಾಟಿಕೆ ಇರಲಿಲ್ಲ.

“ಆರ್ವಿಡ್, ನಾಳೆ ಬೆಳಗ್ಗೆ ನಾಲ್ಕು ಕಾಲಿನ ಯಾವ ಗಂಡು ಬಂದ್ರೂ ಹೊಡಿ. ಮೊಳಕೆ ಕೊಂಬಿದ್ರೂ ಹೊಡಿ. ಆ ಹಲಗೆ ನಿನ್ನ ಕಣ್ಣಿಗೆ ಚುಚ್ಚಿದ್ರೆ ಹೇಳು, ನಾನೇ ಕಿತ್ತು ಒಲೆಗೆ ಹಾಕ್ತೀನಿ.”

“ಮೊದಲ್ನೇ ದಿನ ಒಂದು ಬಂದಿತ್ತು ಗಸ್. ಬಿಟ್ಟೆ.”

ಅವನು ನನ್ನನ್ನೇ ನೋಡಿದ. ಬೈಯುತ್ತಾನೆ ಅಂದುಕೊಂಡೆ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಟೋಪಿ ಕಿವಿಯ ಮೇಲೆ ಎಳೆದುಕೊಂಡು ತನ್ನ ಕ್ಯಾಂಪಿನ ಕಡೆ ನಡೆದುಹೋದ.

ನಾಲ್ಕನೆಯ ಬೆಳಗ್ಗೆ ಮೈ ಕೊರೆಯುವ ಚಳಿ. ದೇವರನ್ನು ಕೇಳಿಕೊಂಡು ಎಷ್ಟು ಕಾಲವಾಗಿತ್ತೋ, ಅವತ್ತು ಕೇಳಿಕೊಂಡೆ. ಒಂಬತ್ತರ ಸುಮಾರಿಗೆ ಜೌಗಿನ ಅಂಚಿನಲ್ಲಿ ಏನೋ ಅಲುಗಿತು. ಅದೇ. ಎಡಗಡೆಯ ತುದಿ ಮುರಿದ ಅದೇ ಮರಿ. ಬಾ ಮಗನೇ, ಬಾ, ಇನ್ನು ಹತ್ತು ಹೆಜ್ಜೆ. ಹಲಗೆ ಸುಟ್ಟುಹೋಗಲಿ, ನಾನು ಸಾಯುವತನಕ ಮನೆಯಲ್ಲೇ ಕೂರುತ್ತೇನೆ, ಬಾ. ಅದು ಮೊದಲ ದಿನದ ಸೇಬಿನ ಮರದಡಿಗೇ ಬಂದು, ಅವತ್ತಿನ ಹಾಗೇ ಅಡ್ಡಲಾಗಿ ನಿಂತು, ಹಿಮ ಕೆದರತೊಡಗಿತು.

ಕೋವಿ ಎತ್ತಿದೆ. ಬೆರಳಿಟ್ಟು ಕುದುರೆ ಎಳೆದೆ.

ನಿಂತಲ್ಲೇ ಕುಸಿಯಿತು. ಒಂದು ಹೆಜ್ಜೆಯೂ ಓಡಲಿಲ್ಲ. ಅಪ್ಪ ಚಿಕ್ಕಂದಿನಲ್ಲಿ ಕೊಟ್ಟಿಗೆಯ ಬಾಗಿಲಿಗೆ ಇಸ್ಪೀಟಿನ ಹೃದಯದ ಗುರುತಿರುವ ಕೆಂಪು ಆಠೀನು ಎಲೆಯನ್ನು ಮೊಳೆ ಹೊಡೆದು ನಮಗೆ ಗುರಿ ಕಲಿಸಿದ್ದರು. ಜಿಂಕೆಯಲ್ಲಾದರೆ ಅದು ಮುಂಗಾಲಿನ ಹಿಂದೆ, ಎದೆಯ ಕೆಳಗಿನಿಂದ ಒಂದು ಗೇಣು. ನಾನು ಎಲೆಯ ನಡುಮಧ್ಯೆ ತೂತು ಮಾಡುತ್ತಿದ್ದೆ. ವೈನೊ ಯಾವಾಗಲೂ ನಾಲ್ಕು ಬೆರಳು ಹಿಂದಕ್ಕೆ ಹೊಡೆಯುತ್ತಿದ್ದ. “ಇವನ ಕೈಗೆ ಸೌಟು ಕೊಡಿ,” ಎಂದು ಅಪ್ಪ ಗೇಲಿ ಮಾಡುತ್ತಿದ್ದರು. ಅರವತ್ತೇಳು ವರ್ಷದ ನನ್ನ ಬೆರಳು ಅವತ್ತೂ ಆಠೀನಿನ ಎಲೆಗೇ ಹೊಡೆದಿತ್ತು.

ಗುಂಡಿಗೆ ಹಾಕಲು ತಂದಿದ್ದ ಡಬ್ಬಿ ಹಿಡಿದುಕೊಂಡು ಓಡಿದೆ. ಹೊಟ್ಟೆ ಸೀಳಿ, ತೋಳು ಮೊಣಕೈವರೆಗೆ ಒಳಗೆ ಹಾಕಿ ತಡಕಿದೆ. ಬಿಸಿ ರಕ್ತ, ಅಷ್ಟೇ. ಮತ್ತೆ ತಡಕಿದೆ. ಕೈಗೆ ಸಿಕ್ಕಿದ್ದನ್ನು ಹಿಮದ ಮೇಲಿಟ್ಟು ನೋಡಿದೆ. ಹರಿದ ಬಟ್ಟೆಯ ಹಾಗೆ ನಾಲ್ಕು ಚಿಂದಿ, ನಡುವೆ ಮೂಳೆಯ ಚೂರು, ಸೀಸದ ಪುಡಿ. ಗುಂಡಿಗೆ ಇರಲಿಲ್ಲ. ನಾನು ಅದನ್ನೇ ಹೊಡೆದಿದ್ದೆ.

ಹಿಮದಲ್ಲಿ ಮಂಡಿಯೂರಿದ್ದಾಗ ಹೊಳೆಯಿತು. ನಾವು ಇಷ್ಟು ವರ್ಷ ಆ ಬಾಣಲೆಯಲ್ಲಿ ತಿಂದ ಇಡಿಯಾದ ಗುಂಡಿಗೆಗಳೆಲ್ಲ ವೈನೊನ ಜಿಂಕೆಗಳವು. ನಾಲ್ಕು ಬೆರಳು ಹಿಂದೆ, ಶ್ವಾಸಕೋಶಕ್ಕೆ ಹೊಡೆಯುತ್ತಿದ್ದ ಅಣ್ಣನವು. ನನ್ನವು ಗೋಡೆಯ ಮೇಲಿನ ಕೊಂಬುಗಳು ಮಾತ್ರ. ನಾಲ್ಕು ದಿನ ಹೊಡೆಯಲೋ ಬಿಡಲೋ ಎಂದೇ ತಲೆ ಕೆಡಿಸಿಕೊಂಡಿದ್ದ ನಾನು, ಎಲ್ಲಿಗೆ ಹೊಡೆಯಬೇಕು ಎಂದು ಒಂದು ಗಳಿಗೆಯೂ ಯೋಚಿಸಿರಲಿಲ್ಲ. ಜೋರಾಗಿ ಅತ್ತೆ. ಯಾರು ನೋಡಬೇಕಿತ್ತು?

ಲಿವರನ್ನು ಡಬ್ಬಿಗೆ ಹಾಕಿಕೊಂಡು ಕ್ಯಾಂಪಿನ ಬಾಗಿಲು ತೆರೆದೆ. ಬೆಣ್ಣೆಯ ವಾಸನೆ ಮುಖಕ್ಕೆ ರಾಚಿತು. ಒಂದೇ ಈಡು ಕೇಳಿ, ಅದು ನನ್ನದೆಂದು ತಿಳಿದು, ಅಣ್ಣ ಮಂಚದಿಂದ ಎದ್ದು ಬಂದಿದ್ದ. ಹೇಗೆ ಬಂದನೋ ದೇವರೇ ಬಲ್ಲ. ಒಂದು ಕೈಯಲ್ಲಿ ಗೋಡೆ, ಒಂದು ಕೈಯಲ್ಲಿ ಸೌಟು. ಬಾಣಲೆಯಲ್ಲಿ ಈರುಳ್ಳಿ ಕೆಂಪಗಾಗಿತ್ತು.

“ತಾರೋ,” ಅಂದ.

ಡಬ್ಬಿ ಮೇಜಿನ ಮೇಲಿಟ್ಟೆ. ಬಗ್ಗಿ ನೋಡಿದ. ಲಿವರನ್ನು ಸೌಟಿನ ತುದಿಯಿಂದ ಸರಿಸಿ ಅದರ ಕೆಳಗೂ ನೋಡಿದ.

“ನಟ್ಟನಡುವೆ ಬಿತ್ತು ಅಣ್ಣ. ಚೂರುಚೂರಾಗಿದೆ. ನಾನು… ನಂಗೆ ಗೊತ್ತಾಗ್ಲಿಲ್ಲ ಅಣ್ಣ.”

ಅವನು ಕುರ್ಚಿಗೆ ಕುಸಿದು ಕೂತ. ತುಟಿ ಒಂದು ಕಡೆಗೆ ಎಳೆದಂತಾಯಿತು. “ಅಪ್ಪ ಇದ್ದಿದ್ರೆ ನಿನ್ನ ಬೆನ್ನು ತಟ್ಟಿರೋರು.”

“ಈರುಳ್ಳಿನಾದ್ರೂ ತಿನ್ನು. ಲಿವರು ಎರಡೇ ನಿಮಿಷ, ಹುರಿದು ಕೊಡ್ತೀನಿ.”

“ಬಾಣಲೆ ಹೊರಗಿಡು ಮಾರಾಯ. ವಾಸನೆ ತಡ್ಯಕಾಗ್ತಿಲ್ಲ. ಆಗ್ಲೇ ಎರಡು ಸಲ ವಾಂತಿ ಆಯ್ತು.”

ಹೊರಗೊಯ್ದು ಹಿಮದಲ್ಲಿ ಊರಿದೆ. ಅದು ಚುಯ್ ಎಂದು ಸದ್ದು ಮಾಡಿತು. ಒಳಗೆ ಬಂದಾಗ ಅಣ್ಣ ಕಿಟಕಿಯಿಂದ ಬಯಲಿನಲ್ಲಿ ಬಿದ್ದ ಜಿಂಕೆಯನ್ನು ನೋಡುತ್ತಿದ್ದ. ಕೈದುರ್ಬೀನು ಅವನ ತೊಡೆಯ ಮೇಲಿತ್ತು. ಮೊದಲ ದಿನದಿಂದಲೂ ಅದು ಆ ಕಿಟಕಿಯ ಕಟ್ಟೆಯ ಮೇಲೇ ಇತ್ತು. ನಾನೇ ಇಟ್ಟುಹೋಗಿದ್ದೆ.

“ಇವನೇ ಅಲ್ವಾ? ಎಡಗಡೆ ತುದಿ ಮುರಿದೋನು. ಮೊದಲ್ನೇ ದಿನ ಬಂದೋನು.”

ಹೌದೆಂದು ತಲೆ ಆಡಿಸಿದೆ.

“ನೋಡ್ತಾ ಇದ್ದೆ. ನೀನು ಹೊಡೀತೀಯ ಅಂತ ಈರುಳ್ಳಿ ಹೆಚ್ಚಿದೆ.” ದನಿಯಲ್ಲಿ ಸಿಟ್ಟಿರಲಿಲ್ಲ. ಹವಾಮಾನ ಹೇಳುವ ಹಾಗೆ ಹೇಳಿದ. “ಅವತ್ತು ನಂಗೆ ಹಸಿವಾಗಿತ್ತು ಕಣೋ.”

ಅವನ ಬೂಟಿನ ಲೇಸು ಕಟ್ಟಿ, ಕೋಟು ತೊಡಿಸಿ, ಐಲಿಯ ಹತ್ತಿರ ಕರೆದುಕೊಂಡು ಹೋದೆ.