ಮಿಂದೆದ್ದ ಏಡಿಗಳು

ಬೆಳಗಾಗುತ್ತಲೇ ಗುವಾನ್ ಚಿಕ್ಕಪ್ಪನ ಕಟ್ಟೆಗೆ ಪರವೂರಿನ ಲಾರಿ ಬಂದು ನಿಂತಿತ್ತು. ಬುಟ್ಟಿಗಟ್ಟಲೆ ಏಡಿಗಳನ್ನು ಬೈಲಿಂಗ್ ಕೆರೆಯ ಬಲೆಯೊಳಕ್ಕೆ ಸುರಿಯುತ್ತಿದ್ದರು. ಪಕ್ಕದಲ್ಲೇ ತನ್ನ ದೋಣಿಯಲ್ಲಿ ಕೂತಿದ್ದ ರುಯ್‌ಲಾನ್ ಥೂ ಎಂದು ನೀರಿಗೆ ಉಗುಳಿದಳು.

ಊರಲ್ಲಿ ಇದಕ್ಕೆ ಸ್ನಾನ ಎನ್ನುತ್ತಾರೆ. ಬೈಲಿಂಗ್ ಏಡಿ ಎಂಬ ಹೆಸರಿಗೆ ಸರ್ಕಾರದ ಕಾವಲಿದೆ. ಈ ಕೆರೆಯಲ್ಲೇ ಬೆಳೆದ ಏಡಿಯ ಮುಂಗಾಲಿಗೆ ಮಾತ್ರ ಹೆಸರಿನ ಉಂಗುರ ತೊಡಿಸಬೇಕು. ಉಂಗುರ ಹಂಚುವುದು ಏಡಿ ಸಾಕುವವರ ಸಂಘ, ಸಂಘದ ಅಧ್ಯಕ್ಷ ಇದೇ ಗುವಾನ್. ಬೇಲಿಯೇ ಎದ್ದು ಹೊಲ ಮೇಯ್ದರೆ ಕೇಳುವವರು ಯಾರು? ಎಲ್ಲೋ ಕೊಬ್ಬಿದ ಏಡಿ ಬೆಳಿಗ್ಗೆ ಇಲ್ಲಿ ಮುಳುಗಿ ಮಧ್ಯಾಹ್ನ ಉಂಗುರ ತೊಟ್ಟು ಏಳುತ್ತದೆ. ಕಾಗೆ ಮಿಂದರೆ ಹಂಸವಾದೀತೆ ಎಂದವರು ಈ ಕೆರೆ ನೋಡಿರಲಿಲ್ಲ.

"ರುಯ್‌ಲಾನ್, ನಿನ್ ಪಾಲಿನ ಉಂಗುರಾನೂ ನಂಗೆ ಕೊಟ್ಬಿಡೇ," ಎಂದು ಗುವಾನ್ ಕೂಗಿದ.

"ಕೊಟ್ಟು, ನನ್ ಏಡಿಗೇನು ಬಳೆ ತೊಡಿಸ್ಲಾ ಚಿಕ್ಕಪ್ಪಾ?"

"ಬಾಯಿಗೇನೂ ಕಮ್ಮಿ ಇಲ್ಲ! ಊರಿಗೆ ಬಂದೋಳು ನೀರಿಗೆ ಬರ್ದೆ ಇರ್ತಾಳಾ? ಬರ್ತೀಯ ಬಿಡು."

ಅವಳು ದೋಣಿಯನ್ನು ದಡಕ್ಕೆ ತಂದಳು. ಮರಿ ಬಿಟ್ಟು, ಬಸವನಹುಳು ತಿನ್ನಿಸಿ ಸಾಕಿದ ತನ್ನ ಏಡಿಗಳನ್ನು ಒದ್ದೆ ಹುಲ್ಲಿನಿಂದ ಬಿಗಿದು, ಒಂದೊಂದಕ್ಕೂ ಉಂಗುರ ಹಾಕಿದಳು. ಶಾಂಘೈಯ ಹೋಟೆಲ್ ಮಾಲೀಕ ಯಾನ್ ಪ್ರತಿ ವರ್ಷ ಅವಳ ಏಡಿಯನ್ನೆಲ್ಲ ಕೊಳ್ಳುತ್ತಿದ್ದ. ಅವನು ಬೇಡವೆಂದರೆ ಈ ವರ್ಷದ ದುಡಿಮೆ ನೀರಲ್ಲಿ ಹೋಮ ಮಾಡಿದಂತೆ.

ಮಧ್ಯಾಹ್ನ ಬಂದ ಯಾನ್ ಒಂದು ಏಡಿಯನ್ನು ಅಂಗಾತ ಮಾಡಿ ಮುಖ ಸಿಂಡರಿಸಿದ. "ಬೈಲಿಂಗ್ ಏಡಿ ಅಂದ್ರೆ ಬಿಳಿ ಹೊಟ್ಟೆ, ಇದು ಬೆಳ್ಳಗಿಲ್ವಲ್ಲ ಅಕ್ಕಾ."

"ಈ ಸಲ ಮಳೆಗೆ ತಳ ಕದಡಿತ್ತು ಸಾಹೇಬ್ರೇ. ರುಚಿ ನೋಡಿ, ಆಮೇಲೆ ಹೇಳಿ."

"ಗುವಾನ್‌ದು ನೋಡು, ಹಾಲಿನಂಗಿದೆ."

"ಅದು ಔಷಧಿ ಹಾಕಿ ಉಜ್ಜಿದ್ದು! ಬೆಳಿಗ್ಗೆ ತಾನೇ ಲಾರೀಲಿ ಬಂತು, ಕಣ್ಣಾರೆ ಕಂಡಿದೀನಿ."

ಯಾನ್ ನಕ್ಕುಬಿಟ್ಟ. "ನಂಗೆ ಗೊತ್ತಿಲ್ವಾ ಅಕ್ಕಾ? ಲಾರಿ ಕಳ್ಸಿದ್ದೇ ನಾನು. ಗಿರಾಕಿ ಮೊದ್ಲು ಉಂಗುರದ ಫೋಟೋ ತೆಗೀತಾನೆ, ಆಮೇಲೆ ತಿಂತಾನೆ. ನೀನು ಉಂಗುರ ಕೊಡು ಸಾಕು, ಏಡಿ ನಾನೇ ತರ್ತೀನಿ."

ಇದೇ ಮನುಷ್ಯ ಅವಳ ಮನೆಯಲ್ಲಿ ಕೂತು, ಶುಂಠಿ ಹಾಕಿದ ಹುಳಿರಸದಲ್ಲಿ ಏಡಿ ಅದ್ದಿ ತಿಂದು ಬೆರಳು ನೆಕ್ಕಿದ್ದ. ಕತ್ತರಿ ತಂದು ತನ್ನ ಏಡಿಗಳ ಉಂಗುರಗಳನ್ನೆಲ್ಲ ಕಚಕಚ ಕತ್ತರಿಸಿದಳು. "ತಗೊಳಿ, ಇದನ್ನೇ ಬೇಯಿಸಿ ಬಡಿಸಿ," ಎಂದು ಆ ತುಂಡುಗಳನ್ನು ಅವನ ಬೂಟಿನ ಮೇಲೆ ಎಸೆದು, ಬುಟ್ಟಿ ಹೊತ್ತು ಏಡಿ ಮಾರಲು ಬಸ್ ನಿಲ್ದಾಣಕ್ಕೆ ನಡೆದಳು.

ಅಲ್ಲಿ ಒಬ್ಬ ಹೆಂಗಸು ಬಗ್ಗಿ ಏಡಿಯನ್ನು ಒತ್ತಿ ನೋಡಿದಳು. "ಚೆನ್ನಾಗ್ ತುಂಬ್ಕೊಂಡಿದೆ. ಬೈಲಿಂಗ್ ಏಡೀನೇನಮ್ಮ?"

ರುಯ್‌ಲಾನ್ ಹುಟ್ಟಿದ್ದು, ಅಪ್ಪನನ್ನು ಮಣ್ಣು ಮಾಡಿದ್ದು ಎಲ್ಲ ಆ ಕೆರೆಯ ದಡದಲ್ಲೇ. ಆದರೂ ಆ ಹೆಸರು ಕೇಳಿದ್ದೇ ಅವಳು ಪಕ್ಕಕ್ಕೆ ಉಗುಳಿದಳು.

"ಥೂ, ಅಲ್ಲಮ್ಮ," ಎಂದಳು. "ಒಳ್ಳೇ ಏಡಿ."