ಜೇಬಿನಲ್ಲಿ ಉಳಿದ ಅತ್ತೆ

ಲಾಂಡ್ರಿಯಲ್ಲಿ ಕೆಲಸ ಮಾಡುವವರು ಊರವರ ಜೇಬನ್ನೆಲ್ಲ ತಡಕುತ್ತಾರೆ, ತಮ್ಮದನ್ನು ಮಾತ್ರ ಮರೆಯುತ್ತಾರೆ. ಪುಟ್ಟಿ ಮರೆತಳು. ತನ್ನ ಮೇಲಂಗಿಯನ್ನು ಒಗೆಯುವ ರಾಶಿಗೆ ಎಸೆದು ಇಸ್ತ್ರಿ ಮೇಜಿಗೆ ಬಂದು ನಿಂತ ಮೇಲೆ ನೆನಪಾಯಿತು, ಕಾಗದದಲ್ಲಿ ಸುತ್ತಿದ್ದ ಇವತ್ತಿನ ಮಾತ್ರೆ ಅದರಲ್ಲೇ ಇದೆ.

ತಾಯಿಯ ಹೊಟ್ಟೆಯಲ್ಲಿದ್ದಾಗಲೇ ಅಂಟಿಕೊಂಡ ಎಚ್‌ಐವಿ ಅವಳದು. ಮಾತ್ರೆ ತಪ್ಪಿಸದಿದ್ದರೆ ಅದು ಬಾಲ ಮುದುರಿಕೊಂಡು ಬಿದ್ದಿರುತ್ತದೆ. ಬಾಡಿಗೆ ಕೋಣೆಯಲ್ಲಿ ಜೊತೆಗಿರುವ ಹುಡುಗಿಯರ ಕಣ್ಣು ತಪ್ಪಿಸಲು, ಚಹಾದ ಹೊತ್ತಿಗೆ ಲಾಂಡ್ರಿಯ ಹಿಂದಿನ ನಲ್ಲಿಯ ಹತ್ತಿರ ಹೋಗಿ ನುಂಗುತ್ತಿದ್ದಳು. ಇದಕ್ಕೆ ಮುಂಚೆ ಕೆಲಸಕ್ಕಿದ್ದ ಅಂಗಡಿಯಲ್ಲಿ ವಿಷಯ ಗೊತ್ತಾದಾಗ ಮೊದಲು ಅವಳ ಲೋಟ ಬೇರೆಯಾಯಿತು, ಆಮೇಲೆ ಕೆಲಸವೇ ಹೋಯಿತು. ಇಲ್ಲೂ ಹಾಗಾದರೆ ಹೋಗುವುದಾದರೂ ಎಲ್ಲಿಗೆ?

ಒಗೆಯುವ ಮುನ್ನ ಕೊನೆಗೊಮ್ಮೆ ಜೇಬು ನೋಡುವ ಕೆಲಸ ಮೇಲ್ವಿಚಾರಕಿಯದು. ಬೆನ್ನ ಹಿಂದೆ ಎಲ್ಲರೂ ಅವಳನ್ನು ಭೂತಗನ್ನಡಿ ಎನ್ನುತ್ತಿದ್ದರು. ಬಟ್ಟೆ ತಂದವರಿಗೇ ಕಾಣದ ಕಲೆ ಅವಳಿಗೆ ಬಾಗಿಲಲ್ಲೇ ಕಾಣುತ್ತಿತ್ತು. ನಗುವನ್ನು ಯಾರೋ ಗಂಜಿ ಹಾಕಿ ಮಡಚಿಟ್ಟಂಥ ಮುಖ. ಪುಟ್ಟಿ ರಾಶಿಯ ಹತ್ತಿರ ಓಡುವಷ್ಟರಲ್ಲಿ ಭೂತಗನ್ನಡಿಯ ಕೈ ಆ ಜೇಬಿನೊಳಗೇ ಇತ್ತು. ಕಾಗದ ಬಿಚ್ಚಿ ನೋಡಿದಳು, ಮತ್ತೆ ಮಡಚಿದಳು.

"ಪುಟ್ಟಿ, ಸ್ವಲ್ಪ ಉಗ್ರಾಣಕ್ಕೆ ಬಾ."

"ಯಾರ ಷರ್ಟ್ ಸುಟ್ಟಿದೀಯೇ?" ಎಂದು ಪಕ್ಕದ ಮೇಜಿನವಳು ಕಿಸಕ್ಕೆಂದಳು. ಪುಟ್ಟಿ ಅವಳತ್ತ ನೋಡದೆ ಉಗ್ರಾಣಕ್ಕೆ ನಡೆದಳು.

ಉಗ್ರಾಣದ ತುಂಬ ಸೋಪಿನ ಪುಡಿಯ ಘಾಟು. ಭೂತಗನ್ನಡಿ ಬಾಗಿಲು ಮುಂದೆ ಮಾಡಿದಳು. ರಕ್ತ ಕಮ್ಮಿ, ಅದಕ್ಕೇ ಡಾಕ್ಟರು ಕೊಟ್ಟದ್ದು ಎಂಬ ಸುಳ್ಳು ಪುಟ್ಟಿಯ ಬಾಯಿ ತುದಿಯಲ್ಲಿತ್ತು. ಅಷ್ಟರಲ್ಲಿ ಅವಳು ಪೊಟ್ಟಣವನ್ನು ಪುಟ್ಟಿಯ ಕೈಗಿಟ್ಟು ಮೆಲ್ಲಗೆ ಹೇಳಿದಳು:

"ನಿಮ್ಮತ್ತೇನ ಜೇಬಲ್ಲೇ ಬಿಟ್ಟಿದ್ದೀಯ."

ಆ ಮಾತು ನಡೆಯುತ್ತಿದ್ದದ್ದು ಒಂದೇ ಕಡೆ, ಆಸ್ಪತ್ರೆಯ ಮಹಡಿ ಕೋಣೆಯಲ್ಲಿ. ಅವಳಂಥ ಹುಡುಗ ಹುಡುಗಿಯರು ಆಪ್ತ ಸಮಾಲೋಚಕಿಯ ಮುಂದೆ ಭಾನುವಾರ ಸೇರಿ ಮನಸ್ಸು ಹಗುರ ಮಾಡಿಕೊಳ್ಳುತ್ತಿದ್ದರು. ಮಾತ್ರೆಗೆ ಅತ್ತೆ ಎಂದು ಹೆಸರಿಟ್ಟವನು ಅಲ್ಲಿಗೆ ಬರುತ್ತಿದ್ದ ಗುಬ್ಬಿ ಎಂಬ ಹುಡುಗ. "ದಿನಾ ಬರ್ತಾಳೆ, ಒಂದಿನ ಮರೆತ್ರೆ ರಂಪ ಮಾಡ್ತಾಳೆ, ಆದ್ರೆ ಮನೆ ಕಾಯೋಳೂ ಅವಳೇ" ಎಂದು ಹೊಟ್ಟೆ ಹುಣ್ಣಾಗುವಂತೆ ನಗಿಸಿದ್ದ. ಅಂದಿನಿಂದ ಅವರು ಒಬ್ಬರನ್ನೊಬ್ಬರು ಕಂಡಾಗ ಕೇಳುತ್ತಿದ್ದದ್ದು ಅದನ್ನೇ, ಅತ್ತೆ ಬಂದ್ರಾ? ಈಚೆಗೆ ಗುಬ್ಬಿಯೇ ಬರುತ್ತಿರಲಿಲ್ಲ, ಫೋನೂ ಎತ್ತುತ್ತಿರಲಿಲ್ಲ.

"ಯಾರಿಗೂ ಹೇಳಲ್ಲ ತಾನೆ, ಮೇಡಂ?"

"ನಾನ್ಯಾರಿಗೆ ಹೇಳಲಿ? ಭಾನುವಾರ ಆಸ್ಪತ್ರೇಲಿ ನಿಮ್ ಜೊತೆ ಕೂರ್ತಿದ್ದ ಗುಬ್ಬಿ ನನ್ನ ಮಗ." ಭೂತಗನ್ನಡಿ ಸೋಪಿನ ಮೂಟೆಯ ಮೇಲೆ ಕುಸಿದು ಕೂತಳು. "ಇದೇ ಮಾತ್ರೆ ಮನೇಲಿ ಹಾಗೇ ಬಿದ್ದಿದೆ, ಅದಕ್ಕೇ ಗುರುತು ಸಿಕ್ತು. ಇಷ್ಟಪಟ್ಟ ಹುಡುಗಿಗೆ ನಿಜ ಹೇಳ್ದ, ಅವಳು ತಿರುಗಿ ನೋಡ್ಲಿಲ್ಲ. ಆವತ್ತೇ ಅತ್ತೇನ ಓಡಿಸ್ಬಿಟ್ಟ. ಮೈ ಇಳಿದುಹೋಗಿದೆ, ಕೆಮ್ಮು ಶುರುವಾಗಿದೆ. ಬಾಗಿಲು ಹಾಕ್ಕೊಂಡು ಕೂತ್ರೆ ನನ್ ಜೀವ ಬಾಯಿಗೆ ಬರತ್ತೆ. ನನ್ ಮಾತು ಕೇಳಲ್ಲ. ನೀನೊಂದ್ಸಲ ಬರ್ತೀಯಾ?"

ಪುಟ್ಟಿಯ ಭಯ ಹೋಗಲಿಲ್ಲ, ಜಾಗ ಬದಲಾಯಿಸಿತು ಅಷ್ಟೆ. ಅಷ್ಟು ನಗಿಸುತ್ತಿದ್ದವನೇ ಕೈಬಿಟ್ಟನೆಂದರೆ ತಾನು ಎಷ್ಟರವಳು ಎನಿಸಿತು. ಭೂತಗನ್ನಡಿ ಎದ್ದು ತನ್ನ ಲೋಟದಲ್ಲೇ ನೀರು ತಂದುಕೊಟ್ಟಳು. ಪುಟ್ಟಿ ಅವಳೆದುರೇ ಮಾತ್ರೆ ನುಂಗಿದಳು.

"ಬರ್ತೀನಿ" ಎಂದಳು.

ಸಂಜೆ ಕೆಲಸ ಮುಗಿದ ಕೂಡಲೇ ಇಬ್ಬರೂ ಭೂತಗನ್ನಡಿಯ ಮನೆಗೆ ಹೋದರು. ಒಳಕೋಣೆಯ ಬಾಗಿಲಿಗೆ ಅಗುಳಿ ಬಿದ್ದಿತ್ತು, ಒಳಗಿಂದ ಕೆಮ್ಮು ಕೇಳುತ್ತಿತ್ತು. ಪುಟ್ಟಿ ಬಾಗಿಲಿಗೆ ಮುಖ ಹಚ್ಚಿ ಕೇಳಿದಳು:

"ಗುಬ್ಬಿ, ಅತ್ತೆ ಬಂದ್ರಾ?"

ಕೆಮ್ಮು ನಿಂತಿತು. ತಾಯಿ ಬಾಯಿಗೆ ಕೈ ಒತ್ತಿಕೊಂಡು ನಿಂತಿದ್ದಳು. ಕೊನೆಗೆ ಬಾಗಿಲ ಸಂದಿಯಿಂದ ಪಿಸುಮಾತು ಬಂತು.

"ಅತ್ತೇನ ಬಿಟ್ಟಿದ್ದೀನಿ. ಆಸ್ಪತ್ರೇಲಿ ಯಾರಿಗೂ ಹೇಳಲ್ಲ ತಾನೆ?"

ಮಧ್ಯಾಹ್ನ ತಾನು ಕೇಳಿದ ಮಾತೇ ಅದು. ಪುಟ್ಟಿಯ ಕಣ್ಣು ತುಂಬಿ ಬಂತು.

"ಹೇಳಲ್ಲ. ನಂಗೂ ಹೆದರಿಕೆ ಆಗ್ತಿದೆ ಕಣೋ. ಬಾಗಿಲು ತೆಗಿ."

ಅಗುಳಿ ಅರ್ಧ ಸರಿದು ಅಲ್ಲೇ ನಿಂತಿತು. ಪುಟ್ಟಿ ಕದಲದೆ ಕಾದಳು.